ಯುಗಾದಿಗೆ ತಡೆ, ಗಣೇಶನ ಹಬ್ಬಕ್ಕೆ ಬೀಜ

"ಅಣ್ಣಾ, ಮನೆ ಏನೋ ತಗೊಂಡಾಯ್ತು, ಅಂಗಳ ನೋಡಿದ್ರೆ ಅಳು ಬರುತ್ತೆ" ಎಂದು ಬರೆದಿದ್ದೀರಿ. ಜನವರಿಯಲ್ಲಿ ಕ್ಲೋಸಿಂಗ್, ಅಂದರೆ ಮನೆ ನಿಮ್ಮ ಹೆಸರಿಗೆ, ಆಗುವಾಗ ಎಲ್ಲ ಹಿಮದ ಕೆಳಗಿತ್ತು. ಈಗ ಏಪ್ರಿಲ್ ಬಂದ ಮೇಲೆ ನೋಡಿದರೆ ಅರ್ಧ ಕಳೆ, ಅರ್ಧ ಬೋಳು. ಎರಡು ವರ್ಷ ಖಾಲಿ ಬಿದ್ದಿದ್ದ ಮನೆ ಬೇರೆ. ಈ ಶನಿವಾರ ವೀಡ್ ಅಂಡ್ ಫೀಡ್ (ಕಳೆನಾಶಕ, ಗೊಬ್ಬರ ಎರಡೂ ಬೆರೆತ ಕಾಳು) ಒಂದು ಚೀಲ, ಹುಲ್ಲಿನ ಬೀಜ ಒಂದು ಚೀಲ ತಂದು ಒಟ್ಟಿಗೆ ಎರಚಿಬಿಡಲಾ ಅಂತ ನಿಮ್ಮ ಪ್ರಶ್ನೆ.

ಬೇಡ. ಬೀಜದ ಚೀಲ ಸದ್ಯಕ್ಕೆ ಅಂಗಡಿಯಲ್ಲೇ ಇರಲಿ.

ನಾನು ಸೆಂಟ್ರಲ್ ನ್ಯೂಜೆರ್ಸಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮನೆ ತಗೊಂಡ ಮೊದಲ ಏಪ್ರಿಲ್‌ನಲ್ಲಿ ನಾನೂ ಇದನ್ನೇ ಮಾಡಿದೆ. ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಹುಲ್ಲು ಮೊಳೆಯದ ಹಾಗೆ ತಡೆಯುವ ಔಷಧಿಯ ಕಾಳು ಹಾಕಿ, ವಾರ ಬಿಟ್ಟು ಬೀಜ ಚೆಲ್ಲಿದೆ. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಮೂರು ವಾರ ಕಳೆದರೂ ಒಂದು ಮೊಳಕೆ ಇಲ್ಲ. ಒಂದು ಕಡೆ ಮಾತ್ರ, ಗ್ಯಾರೇಜ್ ಪಕ್ಕದಲ್ಲಿ, ಚೌಕಾಕಾರಕ್ಕೆ ಹಚ್ಚಗೆ ಹುಟ್ಟಿತ್ತು. ಅದೇನು ಅಲ್ಲಿ ಅಷ್ಟು ವಿಶೇಷ ಅಂತ ತಲೆ ಕೆರೆದುಕೊಂಡೆ. ಆಮೇಲೆ ನೆನಪಾಯಿತು: ಕಾಳು ಹಾಕಿದ ದಿನ ಕಸದ ಡಬ್ಬ ಅಲ್ಲಿ ನಿಂತಿತ್ತು. ಡಬ್ಬದ ತಳದಷ್ಟು ಜಾಗಕ್ಕೆ ಔಷಧಿ ಬಿದ್ದಿರಲಿಲ್ಲ. ಉಳಿದ ಕಡೆ ಔಷಧಿ ತನ್ನ ಕೆಲಸ ಮಾಡಿತ್ತು. ಮೊಳಕೆ ಕಳೆಯದೋ, ನಾವು ದುಡ್ಡು ಕೊಟ್ಟು ತಂದ ಬೀಜದ್ದೋ, ಅದಕ್ಕೇನು ಗೊತ್ತು?

ಹಾಗಾಗಿ ಒಂದು ವರ್ಷದಲ್ಲಿ ಎರಡು ಹದ ಅಂತ ಇಟ್ಟುಕೊಳ್ಳಿ. ಯುಗಾದಿ ಆಸುಪಾಸಿಗೆ ಕಳೆಗೆ ತಡೆ. ಗಣೇಶನ ಹಬ್ಬದ ಆಸುಪಾಸಿಗೆ ಬಿತ್ತನೆ. ಹಬ್ಬದ ದಿನ ಒಂದು ವರ್ಷ ಸ್ವಲ್ಪ ಹಿಂದೆ, ಇನ್ನೊಂದು ವರ್ಷ ಸ್ವಲ್ಪ ಮುಂದೆ ಹೋಗುತ್ತದೆ ನಿಜ. ಆದರೂ ನಮ್ಮ ಕಡೆಯ ಹವಾಗುಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಟೆಕ್ಸಾಸ್‌ನಲ್ಲಿರುವ ನಿಮ್ಮ ಭಾವನಿಗೆ ಇದನ್ನು ಹೇಳಬೇಡಿ, ಅಲ್ಲಿನ ಹುಲ್ಲಿನ ಜಾತಿಯೇ ಬೇರೆ.

ಯಾಕೆ ಹೀಗೆ ಅಂದರೆ, ನ್ಯೂಜೆರ್ಸಿಯ ಅಂಗಳದಲ್ಲಿರುವುದು ತಂಪು ಕಾಲದ ಹುಲ್ಲು. ಟಾಲ್ ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್, ಪೆರೆನಿಯಲ್ ರೈ ಈ ಮೂರೇ ಜಾಸ್ತಿ. ಇವು ವಸಂತದಲ್ಲೂ ಶರತ್ಕಾಲದಲ್ಲೂ ಚಿಗುರುತ್ತವೆ, ಜುಲೈ ಬಿಸಿಲಿಗೆ ಕಂದಿ ಮಲಗುತ್ತವೆ. ಈಗ ಬಿತ್ತಿದ ಬೀಜ ಹುಟ್ಟುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಬೇರು ಇಳಿಯುವ ಮೊದಲೇ ಬೇಸಿಗೆ ಬಂದುಬಿಡುತ್ತದೆ. ಜೊತೆಗೆ ಕ್ರ್ಯಾಬ್‌ಗ್ರಾಸ್ ಬೇರೆ ಪೈಪೋಟಿಗೆ. ಅದಕ್ಕೆ ಬಿಸಿಲೆಂದರೆ ಹಬ್ಬ. ಆಗಸ್ಟ್ ಕೊನೆಯಲ್ಲಿ ಹಾಗಲ್ಲ. ಮಣ್ಣು ಇನ್ನೂ ಬೆಚ್ಚಗಿರುತ್ತದೆ, ರಾತ್ರಿ ತಂಪಾಗುತ್ತಾ ಬರುತ್ತದೆ, ಕ್ರ್ಯಾಬ್‌ಗ್ರಾಸ್‌ನ ಆಟ ಮುಗಿಯುತ್ತಾ ಇರುತ್ತದೆ. ಚಳಿಗೆ ಹೆಪ್ಪುಗಟ್ಟುವ ಮೊದಲ ಮಂಜು ಬಿದ್ದರೆ ಅದು ಸತ್ತೇ ಹೋಗುತ್ತದೆ.

ಈಗ ಈ ತಿಂಗಳ ಕೆಲಸ. ಕ್ರ್ಯಾಬ್‌ಗ್ರಾಸ್ ಬೀಜ ಮೊಳೆಯುವುದು ಮಣ್ಣು ಕೆಲವು ದಿನ ಸತತವಾಗಿ 55 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ. ನಮ್ಮೂರ ಲೆಕ್ಕದಲ್ಲಿ ಸುಮಾರು 13 ಡಿಗ್ರಿ. ಅಡುಗೆಮನೆಯ ಕಡ್ಡಿ ಥರ್ಮಾಮೀಟರನ್ನು ಎರಡಿಂಚು ಮಣ್ಣಿಗೆ ಚುಚ್ಚಿದರೆ ಗೊತ್ತಾಗುತ್ತದೆ. ಮನೆಯವರು ಬೈದರೆ ನಾನು ಜವಾಬ್ದಾರನಲ್ಲ. ಇಲ್ಲದಿದ್ದರೆ ಫಾರ್ಸಿಥಿಯಾ ನೋಡಿ. ಬೀದಿ ತುಂಬ ಹಳದಿ ಹೂ ಬಿಟ್ಟಿರುವ ಪೊದೆ ಇದೆಯಲ್ಲ, ಅದೇ. ಆ ಹೂ ಉದುರುವುದರೊಳಗೆ ತಡೆ ಹಾಕಿ ಮುಗಿಸಬೇಕು. ಡೈಥಿಯೋಪಿರ್ ಎಂಬ ತಡೆ ಔಷಧಿ ಇರುವ ಚೀಲ ಸಿಕ್ಕರೆ ಒಳ್ಳೆಯದು. ಸ್ವಲ್ಪ ತಡವಾಗಿದ್ದರೂ ಆಗತಾನೆ ಹುಟ್ಟಿದ ಎಳೆ ಕ್ರ್ಯಾಬ್‌ಗ್ರಾಸನ್ನೂ ಹಿಡಿಯುತ್ತದೆ. ಹಾಕಿದ ಮೇಲೆ ನೀರು ಬೀಳಲೇಬೇಕು, ಇಲ್ಲದಿದ್ದರೆ ಕಾಳು ಸುಮ್ನೆ ಮೇಲೆ ಕೂತಿರುತ್ತದೆ. ಎಷ್ಟು ತಿಂಗಳು ಬೀಜ ಬಿತ್ತಬಾರದು ಎಂದು ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಓದಿ. ಹೆಚ್ಚು ಹಾಕಿದರೆ ಹೆಚ್ಚು ದಿನ ಇರುತ್ತದೆ, ಆಗ ಆಗಸ್ಟ್ ಬಿತ್ತನೆಗೂ ಕುತ್ತು. ಮೆಸೋಟ್ರಿಯೋನ್ ಎಂಬ ಕಳೆ ಔಷಧಿಯನ್ನು ಬಿತ್ತಿದ ದಿನವೇ ಹೊಡೆಯಬಹುದು, ಅದೊಂದು ಬೇರೆ ದಾರಿ. ಮೊದಲ ವರ್ಷ ನಿಮಗೆ ಅಷ್ಟು ತಾಪತ್ರಯ ಬೇಡ.

ಡ್ಯಾಂಡೆಲಿಯನ್, ಕ್ಲೋವರ್ ಥರದ ಅಗಲ ಎಲೆಯ ಕಳೆಗೆ ಈ ತಡೆ ನಾಟುವುದಿಲ್ಲ. ಅವು ಆಗಲೇ ಬೇರು ಬಿಟ್ಟು ಕೂತಿವೆ. ಅವಕ್ಕೆ 2,4-ಡಿ ಇರುವ ಔಷಧಿಯನ್ನು ಎಲೆ ಮೇಲೆ ಹೊಡೆಯಬೇಕು. ವೀಡ್ ಅಂಡ್ ಫೀಡ್‌ನಲ್ಲಿ ಇರುವುದೂ ಸಾಮಾನ್ಯವಾಗಿ ಇದೇ. ಆದರೆ ಕಾಳಿನ ರೂಪದಲ್ಲಿ ಹಾಕಿದರೆ ಎಲೆ ಒದ್ದೆಯಿರಬೇಕು. ಬೆಳಗಿನ ಇಬ್ಬನಿಯಲ್ಲಿ ಹಾಕಿದರಷ್ಟೇ ಅಂಟುತ್ತದೆ. ನನ್ನ ಕೇಳಿದರೆ ಪಂಪ್ ಹಿಡಿದು ಕಳೆ ಇರುವಲ್ಲಿ ಮಾತ್ರ ಹೊಡೆಯುವುದೇ ಮೇಲು. ಈಗ ಹೊಡೆದರೆ ತಲೆ ಒಣಗುತ್ತದೆ, ಡ್ಯಾಂಡೆಲಿಯನ್‌ನ ಗೆಣಸಿನಂಥ ಬೇರು ಎಷ್ಟೋ ಸಲ ಉಳಿದುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಿಡ ಚಳಿಗಾಲಕ್ಕೆಂದು ಆಹಾರವನ್ನು ಬೇರಿಗೆ ಇಳಿಸುತ್ತಿರುತ್ತದೆ. ಔಷಧಿಯೂ ಅದರ ಜೊತೆಗೇ ಇಳಿಯುತ್ತದೆ.

ಔಷಧಿ ಹೊಡೆದ ಅಂಗಳದ ಬಗ್ಗೆ ಒಂದು ಮಾತು, ಬೇಸಿಗೆಗೆ ಅಮ್ಮ ಬರುತ್ತಾರೆ ಅಂದಿದ್ದೀರಲ್ಲ, ಅದಕ್ಕೆ. ನಮ್ಮಮ್ಮ ಬಂದಾಗ ಡ್ರೈವ್‌ವೇ ಅಂಚಿನಲ್ಲಿ ಬಗ್ಗಿ ಬಗ್ಗಿ ಏನೋ ಕೀಳುತ್ತಿದ್ದರು. ಕಳೆ ಕೀಳುತ್ತಿದ್ದಾರೆ ಅಂದುಕೊಂಡೆ. ಮಡಿಲು ತುಂಬ ಗೋಣಿಸೊಪ್ಪು! ಇಲ್ಲಿ ಅದನ್ನು ಪರ್ಸ್‌ಲೇನ್ ಅನ್ನುತ್ತಾರೆ, ಕಳೆಗಳ ಪಟ್ಟಿಯಲ್ಲಿ ಇದೆ. ಮಸ್ಸೊಪ್ಪು ಮಾಡಲು ಬೇಳೆಯನ್ನೂ ನೆನೆಹಾಕಿದ್ದರು. ಹಿಂದಿನ ವಾರವಷ್ಟೇ ನಾನು ಅಲ್ಲಿ ಔಷಧಿ ಹೊಡೆದಿದ್ದೆ. ಎಸೆಯಿಸುವಷ್ಟರಲ್ಲಿ ಸಾಕಾಯಿತು. ಅದರ ಹಾಗೇ ಕಾಣುವ ಸ್ಪರ್ಜ್ ಎಂಬ ಇನ್ನೊಂದು ಕಳೆಯೂ ಇದೆ. ಮುರಿದರೆ ಬಿಳಿ ಹಾಲು ಬರುತ್ತದೆ, ಅದು ವಿಷ. ಅಮ್ಮನಿಗೆ ಮೊದಲೇ ಹೇಳಿಡಿ.

ಬೇಸಿಗೆಯಲ್ಲಿ ಜಾಸ್ತಿ ಏನೂ ಮಾಡಬೇಡಿ. ಮೂರೂವರೆ ಇಂಚಿಗೆ ಮೋವರ್ ಏರಿಸಿ ಕತ್ತರಿಸಿ, ಅಷ್ಟೆ. ಎತ್ತರದ ಹುಲ್ಲಿನ ನೆರಳಲ್ಲಿ ಕಳೆ ಮೊಳೆಯುವುದು ಕಮ್ಮಿ. ಮಧ್ಯೆ ಪುರುಸೊತ್ತಾದಾಗ ಮಣ್ಣಿನ ಸ್ಯಾಂಪಲ್ ತೆಗೆದು ರಟ್ಗರ್ಸ್ ಯೂನಿವರ್ಸಿಟಿಯ ಮಣ್ಣು ಪರೀಕ್ಷೆ ಲ್ಯಾಬ್‌ಗೆ ಕಳಿಸಿ. ಸುಣ್ಣ ಬೇಕಾ, ರಂಜಕ ಬೇಕಾ, ಎಷ್ಟು ಎಂದು ಬರೆದು ಕಳಿಸುತ್ತಾರೆ. ಊರಲ್ಲಿ ನಮ್ಮಪ್ಪ ಯೂರಿಯಾಕ್ಕೆ ಸರ್ಕಾರಿ ಗೊಬ್ಬರ ಅನ್ನುತ್ತಿದ್ದರು. ಇಲ್ಲಿ ಆ ಹೆಸರು ಇನ್ನೂ ಸರಿಹೊಂದುತ್ತದೆ. 2011ರ ನ್ಯೂಜೆರ್ಸಿ ಕಾನೂನಿನ ಪ್ರಕಾರ ಮನೆಯವರು ನವೆಂಬರ್ 15ರಿಂದ ಮಾರ್ಚ್ 1ರವರೆಗೆ ಹುಲ್ಲಿಗೆ ಗೊಬ್ಬರ ಹಾಕುವಂತಿಲ್ಲ. ರಂಜಕ ಹಾಕಬೇಕಾದರೆ ಮಣ್ಣಿನ ಪರೀಕ್ಷೆಯಲ್ಲಿ ಕೊರತೆ ಕಾಣಬೇಕು, ಇಲ್ಲವೇ ಹೊಸದಾಗಿ ಬಿತ್ತುತ್ತಿರಬೇಕು.

ಆಗಸ್ಟ್ ಮೊದಲ ವಾರ ಒಮ್ಮೆ ಬಗ್ಗಿ ಹುಲ್ಲನ್ನು ಎಳೆದು ನೋಡಿ. ಜಮಖಾನ ಸುತ್ತಿಕೊಂಡ ಹಾಗೆ ಎದ್ದು ಬಂದರೆ ಕೆಳಗೆ ಗೊಣ್ಣೆಹುಳು ಇದೆ ಅಂತ ಅರ್ಥ. ಜಪಾನೀಸ್ ಬೀಟಲ್ ಅನ್ನುವ ದುಂಬಿಯ ಮರಿ ಅದು. ಅಮೆರಿಕದಲ್ಲಿ ಅದು ಮೊದಲು ಕಂಡಿದ್ದೇ ನಮ್ಮ ನ್ಯೂಜೆರ್ಸಿಯ ರಿವರ್ಟನ್‌ನಲ್ಲಿ, 1916ರಲ್ಲಿ. ಅದನ್ನು ನೋಡಿಕೊಳ್ಳದೆ ಬೀಜ ಹಾಕಿದರೆ ಹುಳುವಿಗೆ ಊಟ ಬಡಿಸಿದ ಹಾಗೆ. ಅದೇ ವಾರ ಉಳಿದ ಅಗಲ ಎಲೆ ಕಳೆಗೂ ಒಮ್ಮೆ ಹೊಡೆದುಬಿಡಿ, ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸುಡುವ ದಿನ ಮಾತ್ರ ಬೇಡ. ಆಮೇಲೆ ಬಿತ್ತಲು ಮೂರು ನಾಲ್ಕು ವಾರ ಬಿಡಬೇಕು.

ಬಿತ್ತುವ ದಿನ ಹುಲ್ಲನ್ನು ಎರಡಿಂಚಿಗೆ ಇಳಿಸಿ, ಒಣ ಕಸವನ್ನೆಲ್ಲ ಬಾಚಿ. ಬೀಜಕ್ಕೆ ಮಣ್ಣು ತಾಗಬೇಕು. ಹುಲ್ಲಿನ ಮೇಲೆ ಕೂತ ಬೀಜ ಗುಬ್ಬಿ ಪಾಲು. ಬಾಡಿಗೆ ಅಂಗಡಿಯಲ್ಲಿ ಸ್ಲಿಟ್ ಸೀಡರ್ ಅಂತ ಕೇಳಿ. ಮಣ್ಣು ಸೀಳಿ ಸಾಲಿಗೆ ಬೀಜ ಬಿಡುತ್ತದೆ. ಮೊದಲ ಸಲ ನೋಡಿದಾಗ ನನಗೆ ನಗು ಬಂತು. ನಮ್ಮ ಕೂರಿಗೆಗೆ ಪೆಟ್ರೋಲ್ ಎಂಜಿನ್ ಕೂರಿಸಿದ್ದಾರೆ, ಅಷ್ಟೇ. ಅದು ಸಿಗದಿದ್ದರೆ ಮಣ್ಣಿನ ಬಿರಡೆ ಕೀಳುವ ಏರೇಟರ್ ತಂದು ಎರಡು ಸಲ ಓಡಿಸಿ. ಬೀಜ ಟಾಲ್ ಫೆಸ್ಕ್ಯೂ ಇರಲಿ. ಹುಲ್ಲಿರುವ ಕಡೆ ಸಾವಿರ ಚದರಡಿಗೆ ನಾಲ್ಕು ಪೌಂಡ್, ಬೋಳಿರುವ ಕಡೆ ಆರರಿಂದ ಎಂಟು. ಚೀಲದ ಚೀಟಿಯಲ್ಲಿ ಕಳೆ ಬೀಜ ಎಷ್ಟು ಶೇಕಡಾ ಎಂದು ಇರುತ್ತದೆ, ಸೊನ್ನೆ ಇರುವುದನ್ನೇ ಹುಡುಕಿ. ಆಮೇಲೆ ದಿನಕ್ಕೆ ಎರಡು ಮೂರು ಸಲ ತೆಳ್ಳಗೆ ನೀರು. ಒಂದೆರಡು ವಾರದಲ್ಲಿ ಬೆಳಗಿನ ಬಿಸಿಲಿಗೆ ಅಡ್ಡಲಾಗಿ ನೋಡಿದರೆ ರೋಮದ ಹಾಗೆ ಹಸಿರು ಕಾಣುತ್ತದೆ. ಆಗಿಂದ ನೀರು ಹಾಕುವ ಸಲ ಇಳಿಸಿ, ಹಾಕಿದಾಗ ಜಾಸ್ತಿ ಹಾಕಿ. ಹೊಸ ಹುಲ್ಲನ್ನು ಮೂರು ನಾಲ್ಕು ಸಲ ಕತ್ತರಿಸುವ ತನಕ ಕಳೆನಾಶಕ ಮುಟ್ಟಬೇಡಿ. ಅಕ್ಟೋಬರ್‌ನಲ್ಲಿ ಓಕ್ ಎಲೆ ಉದುರಿ ಮುಚ್ಚಿಕೊಂಡರೆ ಎಳೆ ಹುಲ್ಲು ಕೊಳೆಯುತ್ತದೆ, ವಾರಕ್ಕೊಮ್ಮೆಯಾದರೂ ಗುಡಿಸಿ.

ಹಬ್ಬಕ್ಕೆ ಗರಿಕೆ ಬೇಕಲ್ವಾ, ಹಿತ್ತಲಲ್ಲೇ ಹಾಕಲಾ ಅಂತಲೂ ಕೇಳಿದ್ದೀರಿ. ಕುಂಡದಲ್ಲಿ ಹಾಕಿ, ನೆಲಕ್ಕೆ ಖಂಡಿತ ಬೇಡ. ನಮ್ಮ ಗರಿಕೆ ಇಲ್ಲಿ ಬರ್ಮುಡಾ ಗ್ರಾಸ್. ನೆಲಕ್ಕಿಳಿದರೆ ಫೆಸ್ಕ್ಯೂ ಒಳಗೆಲ್ಲ ಬಳ್ಳಿ ಬಿಡುತ್ತದೆ, ಮಂಜು ಬಿದ್ದೊಡನೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ನನ್ನ ಕುಂಡದಿಂದ ಎರಡು ಗಂಟು ಕಿತ್ತು ಕೊಡುತ್ತೇನೆ, ಚಳಿಗಾಲಕ್ಕೆ ಒಳಗಿಟ್ಟುಕೊಳ್ಳಿ.

ಲಾನ್ ಸರ್ವೀಸ್‌ನವರು ಬಾಗಿಲು ತಟ್ಟಿದ್ದಾರೆ ಅಂದಿರಿ. ಏಪ್ರಿಲ್‌ನಲ್ಲಿ ಎಲ್ಲರ ಬಾಗಿಲೂ ತಟ್ಟುತ್ತಾರೆ. ಕೆಲಸ ಕೊಡುವುದಾದರೆ ಕೊಡಿ, ಆದರೆ "ಮನೆಯವರು ಆಗಸ್ಟ್ ಕೊನೆಗೆ ಬೀಜ ಹಾಕುತ್ತಾರೆ" ಎಂದು ಅವರಿಂದ ಬರೆಸಿಕೊಳ್ಳಿ. ನನ್ನ ಪಕ್ಕದ ಮನೆಯವರಿಗೆ ಕೇಳದೆ ಜುಲೈನಲ್ಲಿ ಎರಡನೇ ತಡೆ ಹಾಕಿ ಹೋಗಿದ್ದರು, ಆ ವರ್ಷದ ಬಿತ್ತನೆಯೇ ನಿಂತಿತು. ಕಾಳು ಎರಚುವ ಸ್ಪ್ರೆಡರ್ ಕೊಳ್ಳಬೇಡಿ, ನನ್ನ ಗ್ಯಾರೇಜಲ್ಲಿದೆ. ಫಾರ್ಸಿಥಿಯಾ ಹೂ ಇನ್ನೂ ಇದೆ, ಶನಿವಾರ ಬೆಳಗ್ಗೆ ಬಂದು ತಗೊಂಡು ಹೋಗಿ.