ಕ್ರಿಶ್ಚಿಯನ್ ಕಾಲೇಜಿಗೆ ಸೇರಿದರೆ ಮತಪಾಠ ಕಡ್ಡಾಯವೇ?

ಮಗಳನ್ನು ಕಾಸರಗೋಡಿನಿಂದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಕಳಿಸಿದರೆ ಮತಪಾಠ ಕಲಿಯಲೇಬೇಕಾ ಎಂದು ಕೇಳಿದ್ದೀರಿ. ಬೇಕಿಲ್ಲ. ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಮತಪಾಠಕ್ಕೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ಸಂವಿಧಾನದ 28(3)ನೇ ವಿಧಿ ಹೇಳುವುದೇ ಇದನ್ನು. ಮಗಳಿಗೆ 18 ತುಂಬಿಲ್ಲದಿದ್ದರೆ ಒಪ್ಪಿಗೆ ಕೊಡಬೇಕಾದವರು ನೀವು.

ಹಾಗಂತ ಕಾಲೇಜಿನ ಛಾಪು ಬೀಳುವುದೇ ಇಲ್ಲ ಅಂತಲ್ಲ. ಅದು ಬೀಳುವುದು ದಿನಚರಿಯಿಂದ. 1880ರಲ್ಲಿ ಇದನ್ನು ಶುರುಮಾಡಿದ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಶಿಕ್ಷಣದಲ್ಲಿ ಶಿಸ್ತಿನಷ್ಟೇ ತೂಕ ಪರರ ಸೇವೆಗೂ ಇದೆ. ಅದನ್ನು ಸುಮ್ನೆ ಬೋಧಿಸಿದರೆ ಯಾರೂ ಕೇಳುವುದಿಲ್ಲ, ಅಲ್ವಾ? ಮತ್ತೆ ಮತ್ತೆ ಮಾಡಿಸಿದಾಗ ರೂಢಿಯಾಗುತ್ತದೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳಿಗೆ ಅಲ್ಲಿ ಕೊಂಕಣಿ ಗೆಳೆಯರೂ ಸಿಗುತ್ತಾರೆ. ನನ್ನ ಕೇಳಿದರೆ, ಪಾಠಕ್ಕಿಂತ ಜಾಸ್ತಿ ಕಲಿಸುವುದು ಆ ಗೆಳೆಯರ ಜೊತೆ ಕೂರುವ ಬೆಂಚೇ.