ಇರುವುದಕ್ಕಿಂತ ಹೆಚ್ಚು ಕಳೆಯಲಾಗದು: ಹೊಸ ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ನಮಸ್ಕಾರ.

ಮಾಡೆಲ್ ಚೆಕಿಂಗ್‌ನಲ್ಲಿ (ಪ್ರೋಗ್ರಾಂ ತಲುಪಬಹುದಾದ ಸ್ಥಿತಿಗಳನ್ನೆಲ್ಲ ಕಂಪ್ಯೂಟರ್‌ನಿಂದಲೇ ಜಾಲಾಡಿ ತಪ್ಪು ಹುಡುಕುವ ವಿಧಾನ) ಸಮಮಿತಿಯನ್ನು, ಅಂದರೆ ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೂ ವ್ಯತ್ಯಾಸವಾಗದಿರುವುದನ್ನು, ಬಳಸಿ ಸ್ಥಿತಿಗಳ ಸಂಖ್ಯೆ ಇಳಿಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ವಿಷಯದ ಮೇಲೆ ನಿಮಗೆ ಪ್ರೀತಿಯಿದೆ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಎರಡು ಪುಟ ತೆಗೆದುಬಿಡಿ. 1981ರಲ್ಲಿ ಕ್ಲಾರ್ಕ್ ಮತ್ತು ಎಮರ್ಸನ್ ಮಾಡೆಲ್ ಚೆಕಿಂಗ್ ಬಗ್ಗೆ ಬರೆದ ಪ್ರಬಂಧ, 2007ರ ಟ್ಯೂರಿಂಗ್ ಪ್ರಶಸ್ತಿ ಅವರಿಬ್ಬರ ಜೊತೆ ಸಿಫಾಕಿಸ್‌ಗೂ ಸಂದದ್ದು, ಎಲ್ಲ ಸರಿ. ಆದರೆ ಮೂರನೇ ಪುಟಕ್ಕೆ ಬಂದರೂ ತೊಂದರೆ ಏನೆಂದೇ ಓದುಗರಿಗೆ ತಿಳಿಯುವುದಿಲ್ಲ. ನಿಮ್ಮದೇ ಉದಾಹರಣೆಯಿಂದ ಶುರುಮಾಡಿ: ಒಂದು ಲಾಕ್ (ಒಂದು ಸಲಕ್ಕೆ ಒಂದನ್ನಷ್ಟೇ ಒಳಬಿಡಬೇಕಾದ ಬೀಗ), ಒಂದೇ ಕೋಡ್ ಓಡಿಸುವ ಹತ್ತು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ). ಪ್ರತಿಯೊಂದೂ ಸುಮ್ಮನಿರಬಹುದು, ಕಾಯುತ್ತಿರಬಹುದು, ಇಲ್ಲವೇ ಒಳಗಿರಬಹುದು. ಲಾಕ್ ಸರಿಯಿದೆಯೋ ಇಲ್ಲವೋ ಇನ್ನೂ ಗೊತ್ತಿಲ್ಲದ್ದರಿಂದ ಎಲ್ಲ ಜೋಡಣೆಗಳನ್ನೂ ಲೆಕ್ಕ ಹಿಡಿದರೆ 59,049. ಯಾವುದು ಎಲ್ಲಿದೆ ಎಂಬುದನ್ನು ಬಿಟ್ಟು ಎಲ್ಲಿ ಎಷ್ಟಿವೆ ಎಂದಷ್ಟೇ ಎಣಿಸಿದರೆ ಉಳಿಯುವುದು 66. ಇಡೀ ವಿಷಯದ ಸೊಗಸು ಇಲ್ಲೇ ಇದೆ, ನೀವು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ.

ಬದಲಿಗೆ ‘ಸ್ಥಿತಿಗಳು 10 ಫ್ಯಾಕ್ಟೋರಿಯಲ್ ಪಟ್ಟು ಕಡಿಮೆಯಾಗುತ್ತವೆ’ ಎಂದು ಬರೆದಿದ್ದೀರಿ. ಅಂದರೆ 1ರಿಂದ 10ರವರೆಗಿನ ಸಂಖ್ಯೆಗಳ ಗುಣಲಬ್ಧ, 36,28,800 ಪಟ್ಟು. ಇರುವುದೇ 59,049 ಅಲ್ಲವೇ ಸ್ವಾಮಿ? ಫ್ಯಾಕ್ಟೋರಿಯಲ್ ಎಂಬುದು ಗರಿಷ್ಠ ಮಿತಿ. ಹತ್ತೂ ಪ್ರೊಸೆಸ್ ಹತ್ತು ಬೇರೆ ಬೇರೆ ಸ್ಥಿತಿಯಲ್ಲಿದ್ದರೆ ಮಾತ್ರ ಅಷ್ಟು ಜೋಡಣೆಗಳು ಒಂದಾಗುತ್ತವೆ. ಇಲ್ಲಿನ ಲಾಭ ಸುಮಾರು 895 ಪಟ್ಟು, ಅದೇನು ಕಡಿಮೆಯೇ?

‘ಪ್ರತಿ ಗುಂಪಿಗೂ ಒಂದು ಪ್ರತಿನಿಧಿ ಸ್ಥಿತಿಯನ್ನು ಆರಿಸಿದರಾಯಿತು’ ಎಂಬ ಸಾಲೂ ಹಾಗೇ. ಗುಂಪೆಂದರೆ ಪ್ರೊಸೆಸ್‌ಗಳನ್ನು ಅದಲುಬದಲು ಮಾಡಿದರೆ ಒಂದೇ ಆಗುವ ಸ್ಥಿತಿಗಳು. ಮೇಲಿನ ಉದಾಹರಣೆಯಲ್ಲಿ ಹತ್ತೂ ಪ್ರೊಸೆಸ್‌ಗಳ ಸ್ಥಿತಿಯನ್ನು ಒಂದು ಕ್ರಮದಲ್ಲಿ ವಿಂಗಡಿಸಿದರೆ ಸಾಕು, ನಿಜ. ಒಂದು ಪ್ರೊಸೆಸ್ ಇನ್ನೊಂದರ ಗುರುತನ್ನು ನೆನಪಿಟ್ಟುಕೊಳ್ಳುವಂತಿದ್ದರೆ ವಿಂಗಡಣೆ ಸಾಲದು. ಎರಡು ಸ್ಥಿತಿಗಳು ಒಂದೇ ಗುಂಪಿನವೋ ಎಂದು ಹೇಳುವುದು ಸಾಮಾನ್ಯ ರೂಪದಲ್ಲಿ ಗ್ರಾಫ್ ಐಸೊಮಾರ್ಫಿಸಂನಷ್ಟಾದರೂ (ಎರಡು ಜಾಲಗಳ ರಚನೆ ಒಂದೇಯೋ ಎಂದು ಹೇಳುವ ಸಮಸ್ಯೆ) ಕಷ್ಟ. ಹಾಗಾಗಿ ಗುಂಪಿಗೆ ಒಂದಕ್ಕಿಂತ ಹೆಚ್ಚು ಪ್ರತಿನಿಧಿ ಉಳಿದರೂ ಸರಿ ಎಂದು ರಾಜಿಯಾಗುವುದುಂಟು. ಉಳಿತಾಯ ಕುಗ್ಗುತ್ತದೆ, ಉತ್ತರ ಕೆಡುವುದಿಲ್ಲ.

ಸಮಮಿತಿ ಮುರಿಯುವುದು ಎಲ್ಲಿ ಎಂಬ ಬಗ್ಗೆ ಒಂದು ಮಾತೂ ಇಲ್ಲ. ಪ್ರೊಸೆಸ್‌ಗಳು ಟೋಕನ್ ಪಡೆದು ಸರದಿಯಂತೆ ಒಳಹೋಗುವ ಲ್ಯಾಂಪೋರ್ಟ್‌ರ ಬೇಕರಿ ಅಲ್ಗಾರಿದಂ ತೆಗೆದುಕೊಳ್ಳಿ. ಟೋಕನ್ ಸಂಖ್ಯೆ ಸಮವಾದಾಗ ಚಿಕ್ಕ ನಂಬರಿನ ಪ್ರೊಸೆಸ್‌ಗೆ ಆದ್ಯತೆ. ಆ ಒಂದು ಹೋಲಿಕೆ ಸಾಕು, ಪ್ರೊಸೆಸ್‌ಗಳು ಪರಸ್ಪರ ಬದಲಾಯಿಸಬಹುದಾದವಾಗಿ ಉಳಿಯುವುದಿಲ್ಲ. ಮರ್ಫಿ ಎಂಬ ಮಾಡೆಲ್ ಚೆಕಿಂಗ್ ಟೂಲ್‌ನಲ್ಲಿ ಅದಲುಬದಲಾಗಬಲ್ಲ ಗುರುತುಗಳಿಗೆಂದೇ ಇರುವ ‘ಸ್ಕೇಲಾರ್‌ಸೆಟ್’ ಎಂಬ ಟೈಪ್ ಇಂಥ ಗುರುತುಗಳ ಮೇಲೆ ಹಿರಿದು-ಕಿರಿದು ಹೋಲಿಕೆಯನ್ನೂ ಕೂಡು-ಕಳೆಯನ್ನೂ ನಿಷೇಧಿಸಿರುವುದು ಇದಕ್ಕೇ.

ಕೊನೆಯ ಭಾಗವೇ ನನ್ನ ನಿಜವಾದ ತಕರಾರು. ಕಾಯುತ್ತಿರುವ ಪ್ರತಿ ಪ್ರೊಸೆಸ್‌ಗೂ ಎಂದಾದರೂ ಸರದಿ ಬರುತ್ತದೆ ಎಂಬುದನ್ನು ಟಿಎಲ್‌ಸಿ ಎಂಬ ಮಾಡೆಲ್ ಚೆಕಿಂಗ್ ಟೂಲ್‌ನಲ್ಲಿ ಸಿಮೆಟ್ರಿ (ಸಮಮಿತಿ) ಆನ್ ಮಾಡಿ ಪರೀಕ್ಷಿಸಿ ‘ದೋಷವಿಲ್ಲ’ ಎಂದಿದ್ದೀರಿ. ‘ಎಂದಾದರೂ ಆಗುತ್ತದೆಯೇ’ ಎಂದು ಕೇಳುವ ಇಂಥ ಲೈವ್‌ನೆಸ್ ಪರೀಕ್ಷೆಗೆ ಸಿಮೆಟ್ರಿ ಅಪಾಯಕಾರಿ ಎಂದು ಆ ಟೂಲೇ ಎಚ್ಚರಿಸುತ್ತದೆ. ಯಾವುದು ಕಾಯುತ್ತಿತ್ತು ಎಂಬ ಗುರುತನ್ನೇ ಅಳಿಸಿದ ಮೇಲೆ, ಅದಕ್ಕೇ ಸರದಿ ಬಂತೋ ಇನ್ನೊಂದಕ್ಕೆ ಬಂತೋ ಹೇಗೆ ತಿಳಿಯುವುದು?

ಸಿಮೆಟ್ರಿ ಆಫ್ ಮಾಡಿ, ಮೂರೇ ಪ್ರೊಸೆಸ್ ಇಟ್ಟು ಮತ್ತೆ ಓಡಿಸಿ. ಬಂದದ್ದನ್ನು ಬಂದ ಹಾಗೇ ಬರೆದು ಕಳಿಸಿ. ಹಾಂ, ‘ಸಮಮಿತೀಯ ನ್ಯೂನೀಕರಣ ಪ್ರಕ್ರಿಯಾ ವಿಧಾನ’ ಎಂಬ ಪದಪುಂಜವನ್ನು ದಯವಿಟ್ಟು ಬಿಡಿ.