50 ಸಾವಿರದಲ್ಲಿ ಮೊದಲ ಗೇಮಿಂಗ್ ಪಿಸಿ: ಐ5 ತಗೊಳ್ಳಲಾ, ರೈಜೆನ್ 5 ತಗೊಳ್ಳಲಾ?

ಪಿಸಿ ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಪಿಸಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ) ಬೇಡ. ಪ್ರೊಸೆಸರ್ ಇಂಟೆಲ್‌ನ ಐ5 ಆ, ಎಎಮ್‌ಡಿಯ ರೈಜೆನ್ 5 ಆ ಅನ್ನುವುದನ್ನು ಆಮೇಲೆ ನೋಡೋಣ. "ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಸಿಗುತ್ತದೆ, ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಬಹುದಲ್ವಾ" ಅಂತ ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಓದಿಯೇ ಉತ್ತರ ಬರೆಯಲು ಕೂತೆ. 2019ರಲ್ಲಿ ನಾನು ಮಾಡಿದ್ದೂ ಇದೇ ಲೆಕ್ಕ.

ಆಗ ದಾವಣಗೆರೆಯಲ್ಲಿ ಓದುತ್ತಿದ್ದೆ. ಅಮ್ಮ ಚೀಟಿ ಎತ್ತಿ ದುಡ್ಡು ಕೊಟ್ಟಿದ್ದರು. ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಕೈಯಲ್ಲಿ ಪಟ್ಟಿ ಇತ್ತು: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡು, 4 ಜಿಬಿಯ ಆರ್‌ಎಕ್ಸ್ 570 ಗ್ರಾಫಿಕ್ಸ್ ಕಾರ್ಡು, ಒಳ್ಳೆ ಕಂಪನಿಯ ಎಸ್‌ಎಂಪಿಎಸ್. ಪಟ್ಟಿ ಸರಿಯಾಗಿಯೇ ಇತ್ತು. ಅಂಗಡಿಯವರು ಲೆಕ್ಕ ಹಾಕಿ, "ಕ್ಯಾಬಿನೆಟ್ ಜೊತೆ 450 ವ್ಯಾಟ್ ಬರುತ್ತೆ ಸಾರ್, ಎಲ್ಲರೂ ಇದನ್ನೇ ಹಾಕೋದು. ಸುಮ್ನೆ ಯಾಕೆ ಅದಕ್ಕೆ ದುಡ್ಡು ಹಾಕ್ತೀರಿ" ಅಂದರು. ಎರಡೂವರೆ ಸಾವಿರದ ಹತ್ತಿರ ಉಳಿಯಿತು. ಅದನ್ನು ಸೇರಿಸಿ 4 ಜಿಬಿ ಕಾರ್ಡಿನ ಬದಲು 8 ಜಿಬಿಯದು ತಗೊಂಡೆ. ಆ ಕಾರ್ಡಿಗೆ ಕರೆಂಟ್ ಕೊಡಲು 8 ಪಿನ್ನಿನ ಕೇಬಲ್ ಬೇಕು. ಈ ಎಸ್‌ಎಂಪಿಎಸ್‌ನಲ್ಲಿ ಅದು ಇರಲೇ ಇಲ್ಲ. ಅಂಗಡಿಯವರು ಹಾರ್ಡ್ ಡಿಸ್ಕಿಗೆ ಹೋಗುವ ಎರಡು ಸಾಟಾ ಕನೆಕ್ಟರುಗಳನ್ನು ಸೇರಿಸಿ 8 ಪಿನ್ ಮಾಡುವ ಕನ್ವರ್ಟರ್ ಒಂದನ್ನು ಪುಕ್ಕಟೆಯಾಗಿ ಕೊಟ್ಟರು.

ಮನೆಯಲ್ಲಿ ಎಲ್ಲ ಜೋಡಿಸಿದೆ. ಸಿನಿಮಾ ನೋಡಿದರೆ ಸರಿ. ಬ್ರೌಸ್ ಮಾಡಿದರೆ ಸರಿ. ಜಿಟಿಎ 5 ಆಟ ಹಾಕಿದರೆ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಪರದೆ ಕಪ್ಪಾಗಿ ಪಿಸಿ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಒಂದು ಎರರ್ ಮೆಸೇಜೂ ಇಲ್ಲ. ವಿಂಡೋಸ್ ಮತ್ತೆ ಹಾಕಿದೆ. ಡ್ರೈವರ್ ಬದಲಿಸಿದೆ. ರ‍್ಯಾಮ್ ಮೇಲೆ ಅನುಮಾನ ಬಂದು ಇನ್ನೊಂದು ಸ್ಟಿಕ್ ತಂದೆ. ಕಾರ್ಡನ್ನು ಸರ್ವಿಸ್ ಸೆಂಟರಿಗೆ ಕಳಿಸಿದೆ. ಏನೂ ದೋಷವಿಲ್ಲ ಅಂತ ವಾಪಸ್ ಬಂತು. ಆದರೂ ಅವರ ಮೇಲೇ ಸಿಟ್ಟಾದೆ.

ಕೊನೆಗೆ ಆ ಕಾರ್ಡನ್ನು ಒಬ್ಬ ಗೆಳೆಯನಿಗೆ ಅರ್ಧ ಬೆಲೆಗೆ ಕೊಟ್ಟು ಜಿಟಿಎಕ್ಸ್ 1650 ಕಾರ್ಡು ತಗೊಂಡೆ. ರೀಸ್ಟಾರ್ಟ್ ನಿಂತುಹೋಯಿತು! ಕೆಟ್ಟಿದ್ದು ಕಾರ್ಡೇ ಅಂತ ಖಾತ್ರಿಯಾಯಿತು. ಆದರೆ 1650 ಆ 570ಗಿಂತ ನಿಧಾನದ ಕಾರ್ಡು. ಅಂದರೆ ಜಾಸ್ತಿ ದುಡ್ಡು ಕೊಟ್ಟು ಕಡಿಮೆ ಕೆಲಸದ್ದನ್ನು ತಂದಿದ್ದೆ. ಗೆಳೆಯನ ಮನೆಯಲ್ಲಿ ನನ್ನ ಹಳೆ ಕಾರ್ಡು ಒಂದು ದಿನವೂ ತೊಂದರೆ ಕೊಡಲಿಲ್ಲ. ಅದನ್ನು ಕೇಳಿಯೂ ನನಗೆ ಹೊಳೆಯಲಿಲ್ಲ.

ಮರು ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುತ್ತಿದ್ದ ಒಂದು ಸಂಜೆ, ಕರೆಂಟ್ ಬಂದ ತಕ್ಷಣ ಕ್ಯಾಬಿನೆಟ್ ಒಳಗೆ ಟಪ್ ಅಂತ ಸದ್ದಾಯಿತು. ಸುಟ್ಟ ವಾಸನೆ ಬಂತು. ಎಸ್‌ಎಂಪಿಎಸ್ ಹೋಯಿತು, ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಬೋರ್ಡಿಗೆ ವಾರಂಟಿ ಇತ್ತು, ಆದರೆ ಸುಟ್ಟ ಗುರುತು ಇದ್ದರೆ ವಾರಂಟಿ ನಡೆಯುವುದಿಲ್ಲ ಅಂದರು.

ನಮ್ಮೂರಿನ ಒಬ್ಬ ರಿಪೇರಿಯವರು ಆ ಎಸ್‌ಎಂಪಿಎಸ್ ಬಿಚ್ಚಿ ತೋರಿಸಿದರು. ಕರೆಂಟ್ ಒಳಗೆ ಬರುವ ಕಡೆ ಫಿಲ್ಟರ್ ಕಾಯಿಲ್ ಕೂರಬೇಕಾದ ಜಾಗದಲ್ಲಿ ಬರೀ ಎರಡು ತುಂಡು ತಂತಿ ಬೆಸೆದಿದ್ದರು. ಆಮೇಲೆ ಪಕ್ಕದ ಲೇಬಲ್ ಓದಿಸಿದರು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ದಯವಿಟ್ಟು ಬಿಡದೆ ಓದಿ.

ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ ಬರೆದ 450 ಅನ್ನುವ ಸಂಖ್ಯೆಯನ್ನು ನೋಡಬೇಡಿ. ಲೇಬಲ್ಲಿನಲ್ಲಿ +12 ವೋಲ್ಟ್ ಅಂತ ಒಂದು ಕಾಲಂ ಇರುತ್ತದೆ, ಅದರ ಕೆಳಗೆ ಆಂಪಿಯರ್ ಇರುತ್ತದೆ. ನನ್ನದರಲ್ಲಿ 16 ಅಂತ ಇತ್ತು. 12ನ್ನು 16ರಿಂದ ಗುಣಿಸಿ: 192 ವ್ಯಾಟ್. ಅಷ್ಟೇ ಅದರ ನಿಜವಾದ ಶಕ್ತಿ, ಅದೂ ಲೇಬಲ್ ಸುಳ್ಳು ಹೇಳದಿದ್ದರೆ. ಉಳಿದ ವ್ಯಾಟುಗಳನ್ನು 5 ವೋಲ್ಟ್, 3.3 ವೋಲ್ಟ್ ಲೈನುಗಳಲ್ಲಿ ತೋರಿಸಿ ಕೂಡಿಸಿರುತ್ತಾರೆ. ಈಗಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡುಗಳು ಹೆಚ್ಚುಕಡಿಮೆ ಪೂರ್ತಿ 12 ವೋಲ್ಟಿನಿಂದಲೇ ಎಳೆಯುತ್ತವೆ. ಆ 5 ವೋಲ್ಟಿನ ಲೆಕ್ಕದಿಂದ ನಮಗೆ ಏನೂ ಉಪಯೋಗವಿಲ್ಲ.

ಈಗ ಖರ್ಚಿನ ಕಡೆ ನೋಡಿ. ನನ್ನ ಪ್ರೊಸೆಸರ್ ರೈಜೆನ್ 5 2600ಗೆ 65 ವ್ಯಾಟ್ ಅಂತ ಬರೆದಿದ್ದರೂ ಅದು 88 ವ್ಯಾಟ್‌ವರೆಗೆ ಎಳೆಯಬಹುದು. ಆರ್‌ಎಕ್ಸ್ 570ಗೆ 150. ಎರಡೂ ಸೇರಿ 238. ನನ್ನ ಡಬ್ಬಿಯಲ್ಲಿ ಇದ್ದದ್ದು 192. ಬ್ರೌಸ್ ಮಾಡುವಾಗ ಎರಡೂ ಸುಮ್ಮನೆ ಕೂತಿರುತ್ತವೆ, ಹಾಗಾಗಿ ನಡೆಯುತ್ತಿತ್ತು. ಗೇಮಿನಲ್ಲಿ ಎರಡೂ ಒಟ್ಟಿಗೆ ಎದ್ದಾಗ 12 ವೋಲ್ಟ್ ಕುಸಿದು ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. 1650 ಹಾಕಿದ ಮೇಲೆ ಯಾಕೆ ಸರಿಹೋಯಿತು ಅಂದರೆ ಅದಕ್ಕೆ 75 ವ್ಯಾಟ್ ಸಾಕು. 88 ಮತ್ತು 75 ಸೇರಿ 163. 192ರ ಒಳಗೆ ಬಂತು. ನಾನು ಬೈದು ಮಾರಿದ ಕಾರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ.

ಆ ಕನ್ವರ್ಟರ್ ಕತೆ ಇನ್ನೂ ಕೆಟ್ಟದು. ಒಂದು ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 54 ವ್ಯಾಟ್. ಎರಡು ಸೇರಿದರೆ 108. 8 ಪಿನ್ನಿನ ಕೇಬಲ್ ಮೇಲೆ ಕಾರ್ಡಿಗೆ 150ರವರೆಗೆ ಕೇಳುವ ಹಕ್ಕಿದೆ. ಮನೆಯ ಲೈಟಿನ ವೈರಿಗೆ ಬೋರ್‌ವೆಲ್ ಮೋಟಾರ್ ಕಟ್ಟಿದ ಹಾಗೆ. ಪ್ಲಾಸ್ಟಿಕ್ ಕರಗದೇ ಉಳಿದದ್ದು ನನ್ನ ಪುಣ್ಯ. ನಿಮಗೆ ಯಾರಾದರೂ ಈ ಕನ್ವರ್ಟರ್ ಕೊಟ್ಟರೆ, ಆ ಎಸ್‌ಎಂಪಿಎಸ್ ಆ ಕಾರ್ಡಿಗೆ ತಕ್ಕದ್ದಲ್ಲ ಅಂತ ಅವರೇ ಒಪ್ಪಿಕೊಂಡ ಹಾಗೆ. ವಾಪಸ್ ಕೊಟ್ಟು ಬನ್ನಿ.

ಮದರ್‌ಬೋರ್ಡ್ ಸತ್ತಿದ್ದಕ್ಕೂ ಆ ಅಗ್ಗದ ಎಸ್‌ಎಂಪಿಎಸ್ಸೇ ಕಾರಣ. ಒಳ್ಳೆ ಎಸ್‌ಎಂಪಿಎಸ್ ವೋಲ್ಟೇಜ್ ಮೇಲೇರಿದರೆ, ಶಾರ್ಟ್ ಆದರೆ, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುತ್ತದೆ. ಅದು ಕೆಟ್ಟರೂ ಸಾಮಾನ್ಯವಾಗಿ ಒಂದೇ ಕೆಡುತ್ತದೆ. ಅಗ್ಗದ್ದರಲ್ಲಿ ಆ ರಕ್ಷಣೆ ಎಷ್ಟೋ ಸಲ ಇರುವುದೇ ಇಲ್ಲ. ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುವ ಊರುಗಳಲ್ಲಿ ಇದು ಐಚ್ಛಿಕ ವಿಷಯವೇ ಅಲ್ಲ. ನಿಮ್ಮ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ ಅಂತ. ಪಿಸಿ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಆ ಪಾಯಿಂಟ್ ಸರಿಮಾಡಿಸಿ.

ಹೊಸ ಬೋರ್ಡಿನ ಜೊತೆ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ಗುರುತು), ಐದು ವರ್ಷ ವಾರಂಟಿಯ ಎಸ್‌ಎಂಪಿಎಸ್ ಹಾಕಿಸಿದೆ. ಆಮೇಲೆ ಅದೇ ಬೋರ್ಡಿಗೆ ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ರೈಜೆನ್ 5 5600 ಕೂರಿಸಿದೆ, ಕಾರ್ಡನ್ನು ಆರ್‌ಎಕ್ಸ್ 6600ಗೆ ಬದಲಿಸಿದೆ. ಎಸ್‌ಎಂಪಿಎಸ್ ಮಾತ್ರ ಅದೇ. ಕಾರ್ಡು, ಪ್ರೊಸೆಸರ್ ಬದಲಾಗುತ್ತಲೇ ಇರುತ್ತವೆ. ಇದು ಅವೆಲ್ಲವನ್ನೂ ದಾಟಿ ಉಳಿಯುತ್ತದೆ. ಬಜೆಟ್ ಚಿಕ್ಕದಾದಷ್ಟೂ ಇದರಲ್ಲಿ ಉಳಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡಿದ್ದವರು ಬೋರ್ಡ್ ಸುಟ್ಟರೆ ಇನ್ನೊಂದು ತರುತ್ತಾರೆ. ನಮ್ಮಂಥವರಿಗೆ ಅದು ಆಗುವುದಿಲ್ಲ.

ಈಗ ನಿಮ್ಮ ಐ5, ರೈಜೆನ್ 5. ನನ್ನ ಪ್ರಕಾರ ಈ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ. ಐ5 12400ಎಫ್ ಮತ್ತು ರೈಜೆನ್ 5 5600 ಎರಡಕ್ಕೂ ಆರು ಕೋರು (ಲೆಕ್ಕ ಮಾಡುವ ಭಾಗ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). ನಿಮ್ಮ ಬಜೆಟ್ಟಿನ ಕಾರ್ಡಿನ ಜೊತೆ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ನೀವು ಕೊಳ್ಳುವ ದಿನ ಬೋರ್ಡ್ ಸೇರಿ ಯಾವುದು ಅಗ್ಗವೋ ಅದನ್ನು ತಗೊಳ್ಳಿ. ಒಂದೇ ಎಚ್ಚರ: ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. 5600ರಲ್ಲೂ ಇಲ್ಲ. ಕಾರ್ಡ್ ಹಾಕದೆ ಪರದೆ ಬರುವುದಿಲ್ಲ.

ನಿಜವಾಗಿ ಕೇಳಬೇಕಾದದ್ದು, ನೀವು ಆಡುವುದು ಏನು? ವ್ಯಾಲೊರಂಟ್, ಸಿಎಸ್ 2 ಅನ್ನುವ ಆಟಗಳಷ್ಟೇ ಆದರೆ ಈಗಲೇ ಕಾರ್ಡು ಬೇಡವೇ ಬೇಡ. ಒಳಗೇ ಗ್ರಾಫಿಕ್ಸ್ ಇರುವ ರೈಜೆನ್ 5 5600ಜಿ ತಗೊಂಡು, ಒಳ್ಳೆ ಎಸ್‌ಎಂಪಿಎಸ್ ಹಾಕಿ, ಸೆಟ್ಟಿಂಗ್ ಇಳಿಸಿ ಆಡುತ್ತಾ ಇರಿ. ದುಡ್ಡು ಕೂಡಿದ ಮೇಲೆ ಕಾರ್ಡ್ ಸೇರಿಸಿ. 5600ಜಿ ತಗೊಂಡರೆ ರ‍್ಯಾಮ್ ಮಾತ್ರ 16 ಜಿಬಿಯ ಒಂದು ಸ್ಟಿಕ್ ಬೇಡ, 8 ಜಿಬಿಯ ಎರಡು ಸ್ಟಿಕ್ ಬೇಕು. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸುತ್ತದೆ. ಡಿಡಿಆರ್4 3200 ಮಾದರಿಯ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು 51.2 ಸಾಗಿಸುತ್ತವೆ. ಆಟದಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಪರಿಚಯದವರ ಬಳಿ ಹಳೆ ಡಿಡಿಆರ್4 ಇದ್ದರೆ ಸಂಕೋಚವಿಲ್ಲದೆ ತಗೊಳ್ಳಿ, ರ‍್ಯಾಮ್ ಸುಲಭಕ್ಕೆ ಕೆಡುವ ವಸ್ತುವಲ್ಲ.

ದೊಡ್ಡ ಆಟಗಳೇ ಬೇಕು ಅಂದರೆ 8 ಜಿಬಿಯ ಕಾರ್ಡಿಗಿಂತ ಕೆಳಗೆ ಇಳಿಯಬೇಡಿ. ಆರ್‌ಎಕ್ಸ್ 6600 ಹೊಸದೋ ಹಳೆಯದೋ ನಿಮ್ಮ ಕೈಗೆ ಎಟಕಿದರೆ ಅದೇ ಸಾಕು, 132 ವ್ಯಾಟ್ ಅಷ್ಟೇ ಕುಡಿಯುತ್ತದೆ. ಮಾನಿಟರ್ ಇದೆಯೋ ಇಲ್ಲವೋ ನೀವು ಹೇಳಿಲ್ಲ. ಇಲ್ಲ ಅಂದರೆ 50 ಸಾವಿರದಲ್ಲಿ ಇದೆಲ್ಲ ಆಗುವುದಿಲ್ಲ, 5600ಜಿ ದಾರಿಯೇ ಹಿಡಿಯಿರಿ.

"ಐ7 ಗೇಮಿಂಗ್ ಪಿಸಿ" ಅಂತ 20 ಸಾವಿರಕ್ಕೆ ಮಾರುವ ಸೆಟ್ಟುಗಳ ಲಿಂಕನ್ನೂ ಕಳಿಸಿದ್ದೀರಿ. ಅವುಗಳಲ್ಲಿ ಇರುವುದು ಎರಡನೆಯ ಮೂರನೆಯ ಜನರೇಶನ್ನಿನ ಹಳೆ ಪ್ರೊಸೆಸರು ಮತ್ತು ಎಚ್61 ಬೋರ್ಡು. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೆಯ ಜನರೇಶನ್ನಿಗಿಂತ ಹಳೆಯದನ್ನು, ಕೆಲವೇ ಮಾದರಿಗಳನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ವ್ಯಾಲೊರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆಗಳನ್ನು ಕೇಳುತ್ತದೆ. ಆ ಸೆಟ್ಟಿನ ಜೊತೆಗೆ ಕೊಡುವ "4 ಜಿಬಿ ಗ್ರಾಫಿಕ್ಸ್" ಬಹಳ ಸಲ ಜಿಟಿ 730 ಅನ್ನುವ ಹಳೆ ಕಾರ್ಡು ಆಗಿರುತ್ತದೆ. ಅದರಲ್ಲಿ ಈಗಿನ ಆಟ ಆಡಲಾಗುವುದಿಲ್ಲ.

ಇನ್ನು ನಿಮ್ಮ ಗೆಳೆಯ ಕೊಡುತ್ತೇನೆ ಅಂದ ಹಳೆ ಆರ್‌ಎಕ್ಸ್ 580 ಕಾರ್ಡು. ಮೊದಲು ಅದು 2048ಎಸ್‌ಪಿ ಅನ್ನುವ ಮಾದರಿಯಾ ಅಂತ ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿ. ನಿಜವಾದ 580ಯಲ್ಲಿ 2304 ಶೇಡರ್‌ಗಳು (ಚಿತ್ರ ಬಿಡಿಸುವ ಚಿಕ್ಕ ಘಟಕಗಳು) ಇರುತ್ತವೆ, 2048 ಇದ್ದರೆ ಅದು ಹೆಸರು ಬದಲಿಸಿದ 570. ಎಎಮ್‌ಡಿ ಈ ಪೀಳಿಗೆಗೆ ಹೊಸ ಆಟಗಳಿಗಾಗಿ ಡ್ರೈವರ್ ಸುಧಾರಿಸುವುದನ್ನು ನಿಲ್ಲಿಸಿದೆ. ಜೊತೆಗೆ ಇದು 185 ವ್ಯಾಟಿನ ಕಾರ್ಡು. ತೀರಾ ಕಡಿಮೆಗೆ ಕೊಟ್ಟರೆ, ಅವನ ಪಿಸಿಯಲ್ಲೇ ಒಂದು ಗಂಟೆ ಆಟ ಓಡಿಸಿ ನೋಡಿ ತಗೊಳ್ಳಿ.

ಅಂಗಡಿಗೆ ಹೋದಾಗ ಜಿಎಸ್‌ಟಿ ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇನೆ ಅನ್ನುತ್ತಾರೆ. ಬಿಲ್ ತಗೊಳ್ಳಿ, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಎಸ್‌ಎಂಪಿಎಸ್ ಡಬ್ಬಿ ಬಿಚ್ಚಿಸಿ ಲೇಬಲ್ ಫೋಟೋ ತೆಗೆದು ಇಲ್ಲೇ ಕಾಮೆಂಟಿನಲ್ಲಿ ಹಾಕಿ. ದುಡ್ಡು ಕೊಡುವ ಮೊದಲೇ ಹಾಕಿ, ನಾನು ನೋಡಿ ಹೇಳುತ್ತೇನೆ.